ವಿನ್‌ಸ್ಟನ್ ಡಬ್ಲ್ಯು. ರಾಯ್ಸ್

ವಿನ್‌ಸ್ಟನ್ ವಾಕರ್ ರಾಯ್ಸ್ (ಆಗಸ್ಟ್ 15, 1929 – ಜೂನ್ 7, 1995) ಅಮೆರಿಕದ ಗಣಕ ವಿಜ್ಞಾನಿ ಹಾಗೂ ಬೃಹತ್ ತಂತ್ರಾಂಶ ಯೋಜನೆಗಳ ನಿರ್ವಾಹಕರು. ತಂತ್ರಾಂಶ ನಿರ್ಮಾಣದ ‘ಜಲಪಾತ ಮಾದರಿ’ಯ ಜನಕರೆಂದು ಅನೇಕ ಪಠ್ಯಪುಸ್ತಕಗಳು ಇವರನ್ನು ಪರಿಚಯಿಸುತ್ತವೆ. ಆದರೆ ಈ ಖ್ಯಾತಿಗೆ ಕಾರಣವಾದ 1970ರ ಪ್ರಬಂಧದಲ್ಲಿ ರಾಯ್ಸ್ ಆ ಮಾದರಿಯ ಸರಳ ರೂಪವನ್ನು ಸಮರ್ಥಿಸಿರಲಿಲ್ಲ; ಅದರ ಅಪಾಯವನ್ನು ತೋರಿಸಿ, ಪರಿಹಾರಗಳನ್ನು ಸೂಚಿಸಿದ್ದರು.

ಶಿಕ್ಷಣ ಮತ್ತು ವೃತ್ತಿಜೀವನ

ರಾಯ್ಸ್ ಅವರು ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಭೌತಶಾಸ್ತ್ರದ ಪದವಿಯನ್ನೂ ವಿಮಾನಯಾನ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. 1959ರಲ್ಲಿ ಗಣಿತಜ್ಞ ಜೂಲಿಯನ್ ಕೋಲ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಗಳಿಸಿದರು. ಕೆಲಕಾಲ ಅದೇ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದು, ಆನಂತರ ಟಿಆರ್‌ಡಬ್ಲ್ಯು ಸಂಸ್ಥೆಯನ್ನು ಸೇರಿದರು. ಅಲ್ಲಿ ಬಾಹ್ಯಾಕಾಶ ನೌಕೆಗಳ ಯಾನವನ್ನು ಯೋಜಿಸುವ, ಅವುಗಳಿಗೆ ಆದೇಶ ನೀಡುವ ಮತ್ತು ಯಾನದ ನಂತರ ಮಾಹಿತಿಯನ್ನು ವಿಶ್ಲೇಷಿಸುವ ತಂತ್ರಾಂಶಗಳ ಹೊಣೆಯನ್ನು ಹೊತ್ತಿದ್ದರು. ಹೇಳಿದ ಕಾಲಕ್ಕೆ, ಹೇಳಿದ ವೆಚ್ಚದಲ್ಲಿ ಕೆಲಸ ಮುಗಿಸುವುದು ಎಷ್ಟು ಕಷ್ಟವೆಂಬ ಅರಿವು ಅವರಿಗೆ ಈ ಒಂಬತ್ತು ವರ್ಷಗಳ ಅನುಭವದಿಂದ ಬಂದಿತು.

1970ರ ಪ್ರಬಂಧ

1970ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ವೆಸ್ಕಾನ್ ಸಮ್ಮೇಳನದಲ್ಲಿ ರಾಯ್ಸ್ ಬೃಹತ್ ತಂತ್ರಾಂಶ ವ್ಯವಸ್ಥೆಗಳ ನಿರ್ವಹಣೆಯನ್ನು ಕುರಿತು ಪ್ರಬಂಧವನ್ನು ಮಂಡಿಸಿದರು. ನಿರ್ಮಿಸಿದವರೇ ಬಳಸುವ ಚಿಕ್ಕ ತಂತ್ರಾಂಶಕ್ಕೆ ವಿಶ್ಲೇಷಣೆ ಮತ್ತು ಕೋಡ್ ಬರವಣಿಗೆ ಎಂಬ ಎರಡೇ ಹಂತಗಳು ಸಾಕೆಂದು ಅವರು ಆರಂಭಿಸುತ್ತಾರೆ. ದೊಡ್ಡ ಯೋಜನೆಗಾದರೋ ಏಳು ಹಂತಗಳು ಬೇಕಾಗುತ್ತವೆ: ವ್ಯವಸ್ಥೆಯ ಅಗತ್ಯಗಳು, ತಂತ್ರಾಂಶದ ಅಗತ್ಯಗಳು, ವಿಶ್ಲೇಷಣೆ, ವಿನ್ಯಾಸ, ಕೋಡ್ ಬರವಣಿಗೆ, ಪರೀಕ್ಷೆ ಮತ್ತು ಬಳಕೆ. ಇವುಗಳನ್ನು ಮೆಟ್ಟಿಲುಗಳಂತೆ ಇಳಿಯುವ ಚಿತ್ರದಲ್ಲಿ ಅವರು ತೋರಿಸಿದರು.

ಈ ಕ್ರಮದಲ್ಲಿ ತಮಗೆ ನಂಬಿಕೆಯಿದ್ದರೂ ಅದನ್ನು ಹಾಗೆಯೇ ಅನುಸರಿಸುವುದು ಸೋಲನ್ನು ಆಹ್ವಾನಿಸಿದಂತೆ ಎಂಬುದು ಅವರ ಎಚ್ಚರಿಕೆಯಾಗಿತ್ತು. ವೇಗ, ಸ್ಮೃತಿಯ ಬಳಕೆ, ಮಾಹಿತಿಯ ವರ್ಗಾವಣೆ ಮುಂತಾದವು ನಿಜವಾಗಿ ಅನುಭವಕ್ಕೆ ಬರುವುದು ಕೊನೆಯ ಭಾಗದ ಪರೀಕ್ಷೆಯಲ್ಲಿ ಮಾತ್ರ. ಗೋಡೆ ಎದ್ದ ಮೇಲೆ ತಳಪಾಯದ ದೋಷ ಕಂಡಂತೆ, ಆಗ ತಪ್ಪು ಕಂಡರೆ ವಿನ್ಯಾಸವನ್ನೇ, ಕೆಲವೊಮ್ಮೆ ಅಗತ್ಯಗಳನ್ನೇ ಬದಲಿಸಬೇಕಾಗುತ್ತದೆ. ಇದರಿಂದ ಕಾಲ ಅಥವಾ ವೆಚ್ಚ ಇಮ್ಮಡಿಯಾಗಬಹುದೆಂದು ಅವರು ಅಂದಾಜಿಸಿದರು. ಪರಿಹಾರವಾಗಿ ಐದು ಕ್ರಮಗಳನ್ನು ಸೂಚಿಸಿದರು:

1. ವಿಶ್ಲೇಷಣೆಗೂ ಮುನ್ನ ಪ್ರಾಥಮಿಕ ವಿನ್ಯಾಸವನ್ನು ಸಿದ್ಧಪಡಿಸುವುದು.
2. ವಿನ್ಯಾಸವನ್ನು ಸಂಪೂರ್ಣವಾಗಿ ದಾಖಲಿಸುವುದು. 50 ಲಕ್ಷ ಡಾಲರ್ ಬೆಲೆಯ ಯಂತ್ರಕ್ಕೆ 30 ಪುಟಗಳ ವಿವರಣೆ ಸಾಕಾದರೆ, ಅಷ್ಟೇ ಬೆಲೆಯ ತಂತ್ರಾಂಶಕ್ಕೆ 1,500 ಪುಟಗಳು ಬೇಕೆಂಬುದು ಅವರ ಲೆಕ್ಕ.
3. ಹೊಸ ಬಗೆಯ ತಂತ್ರಾಂಶವನ್ನು ಎರಡು ಬಾರಿ ನಿರ್ಮಿಸುವುದು. 30 ತಿಂಗಳ ಯೋಜನೆಯಾದರೆ ಸುಮಾರು 10 ತಿಂಗಳಲ್ಲಿ ಪ್ರಾಯೋಗಿಕ ಮಾದರಿಯೊಂದನ್ನು ಮಾಡಿ, ಅದರಿಂದ ಕಲಿತು, ಎರಡನೆಯದನ್ನು ಗ್ರಾಹಕರಿಗೆ ಕೊಡುವುದು.
4. ಪರೀಕ್ಷೆಯನ್ನು ಮೊದಲೇ ಯೋಜಿಸಿ ನಿಯಂತ್ರಿಸುವುದು.
5. ಕೊನೆಯ ದಿನದವರೆಗೆ ಕಾಯದೆ, ಗ್ರಾಹಕರನ್ನು ನಡುವೆಯೇ ಅಧಿಕೃತವಾಗಿ ತೊಡಗಿಸಿಕೊಳ್ಳುವುದು.

ಹೆಸರು ಮತ್ತು ತಪ್ಪು ಗ್ರಹಿಕೆ

ಪ್ರಬಂಧದಲ್ಲಿ ‘ಜಲಪಾತ’ ಎಂಬ ಪದವೇ ಇಲ್ಲ. 1976ರಲ್ಲಿ ಬೆಲ್ ಮತ್ತು ಥೇಯರ್ ಎಂಬ ಲೇಖಕರು ರಾಯ್ಸ್ ಅವರ ಪ್ರಬಂಧವನ್ನು ಉಲ್ಲೇಖಿಸುತ್ತ ಈ ಪದವನ್ನು ಬಳಸಿದರು. ಹಂತಹಂತವಾದ ನಿರ್ಮಾಣದ ಕಲ್ಪನೆಯೂ ರಾಯ್ಸ್ ಅವರಿಂದ ಆರಂಭವಾದುದಲ್ಲ. ಅಮೆರಿಕದ ಸೇಜ್ ವಾಯುರಕ್ಷಣಾ ವ್ಯವಸ್ಥೆಯ ತಂತ್ರಾಂಶವನ್ನು ಕುರಿತು 1956ರಲ್ಲಿಯೇ ಹರ್ಬರ್ಟ್ ಬೆನಿಂಗ್ಟನ್ ಇಂತಹ ಕ್ರಮವನ್ನು ವಿವರಿಸಿದ್ದರು.

ಪ್ರಬಂಧದ ಮೊದಲ ಪುಟಗಳ ಸರಳ ಚಿತ್ರ ಜನಪ್ರಿಯವಾಯಿತು. ಅದರ ಮುಂದಿನ ಎಚ್ಚರಿಕೆ ಹಿಂದುಳಿಯಿತು. ಹಂತಗಳು ಸ್ಪಷ್ಟವಾಗಿದ್ದುದರಿಂದ ಗುತ್ತಿಗೆ ನೀಡುವವರಿಗೂ ಲೆಕ್ಕ ಕೇಳುವ ಅಧಿಕಾರಿಗಳಿಗೂ ಆ ಚಿತ್ರ ಅನುಕೂಲವಾಗಿತ್ತು. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಹೊರಡಿಸಿದ 2167ನೆಯ ತಂತ್ರಾಂಶ ಮಾನಕವನ್ನು ಅನೇಕರು ಜಲಪಾತ ಮಾದರಿಯ ಆದೇಶವೆಂದೇ ಓದಿದರು. 1994ರಲ್ಲಿ ಅದರ ಸ್ಥಾನಕ್ಕೆ ಬಂದ ಹೊಸ ಮಾನಕವು ಹಂತಗಳನ್ನು ಪುನರಾವರ್ತಿಸುವ ವಿಧಾನಗಳಿಗೆ ಅವಕಾಶ ನೀಡಿತು.

ಹಾಗೆಂದು ರಾಯ್ಸ್ ಅವರನ್ನು ಇಂದಿನ ‘ಅಜೈಲ್’ ಪದ್ಧತಿಯ ಪ್ರವರ್ತಕರೆಂದು ಕರೆಯುವುದೂ ಸರಿಯಾಗದು. ಹಂತಗಳನ್ನಾಗಲಿ ವಿಸ್ತೃತ ದಾಖಲೆಗಳನ್ನಾಗಲಿ ಅವರು ಕೈಬಿಟ್ಟಿರಲಿಲ್ಲ. ಕೆಳಗಿನ ಮೆಟ್ಟಿಲಿನಲ್ಲಿ ಕಲಿತದ್ದನ್ನು ಮೇಲಿನ ಮೆಟ್ಟಿಲಿಗೆ ಒಯ್ಯಲು ದಾರಿಯಿರಬೇಕೆಂಬುದೇ ಅವರ ವಾದದ ತಿರುಳಾಗಿತ್ತು.

ಕೊನೆಯ ವರ್ಷಗಳು

ಮುಂದೆ ರಾಯ್ಸ್ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿದ್ದ ಲಾಕ್‌ಹೀಡ್ ತಂತ್ರಾಂಶ ತಂತ್ರಜ್ಞಾನ ಕೇಂದ್ರದ ನಿರ್ದೇಶಕರಾದರು. 1987ರಲ್ಲಿ ತಂತ್ರಾಂಶ ಎಂಜಿನಿಯರಿಂಗ್‌ನ ಅಂತರರಾಷ್ಟ್ರೀಯ ಸಮ್ಮೇಳನದ ಸಂಪುಟದಲ್ಲಿ ಅವರ ಪ್ರಬಂಧ ಮರುಮುದ್ರಣಗೊಂಡಿತು. 1995ರ ಜೂನ್ 7ರಂದು, 65ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅವರ ಮಗ ವಾಕರ್ ರಾಯ್ಸ್ ಅವರೂ ಇದೇ ಕ್ಷೇತ್ರದಲ್ಲಿ ಹೆಸರು ಗಳಿಸಿ, ಹಂತಗಳನ್ನು ಆವರ್ತಿಸುತ್ತ ತಂತ್ರಾಂಶವನ್ನು ಬೆಳೆಸುವ ವಿಧಾನವನ್ನು ಪ್ರತಿಪಾದಿಸಿದರು.