ಕ್ರಿಶ್ಚಿಯನ್ ಡಾಪ್ಲರನ ಚರಿತ್ರೆ

ಸಿರಿಗೇರಿ ಮೊದಲಾದ ಗ್ರಾಮಗಳಿಂದ ಬಳ್ಳಾರಿಗೆ ಹೋಗಿ ಹೃದಯದ ಎಕೋ ಪರೀಕ್ಷೆ ಮಾಡಿಸಿಕೊಂಡು ಬಂದವರ ವರದಿಗಳಲ್ಲಿ ಡಾಪ್ಲರ್ ಎಂಬ ಶಬ್ದವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಅದನ್ನು ಯಂತ್ರದ ಹೆಸರೆಂದು ತಿಳಿದವರೇ ಹೆಚ್ಚು. ಆ ಹೆಸರಿನ ಗಣಿತೋಪಾಧ್ಯಾಯನ ವೃತ್ತಾಂತವನ್ನು ಇಲ್ಲಿ ಸಂಕ್ಷೇಪವಾಗಿ ಅರುಹುವೆವು.

ಕ್ರಿಶ್ಚಿಯನ್ ಡಾಪ್ಲರನು 1803ನೆಯ ನವೆಂಬರ್ 29ರಂದು ಸಾಲ್ಜ್‌ಬರ್ಗ್ ಪಟ್ಟಣದಲ್ಲಿ ಕಲ್ಲುಕುಟಿಗರ ಮನೆತನದಲ್ಲಿ ಜನಿಸಿದನು. ದೇಹವು ದುರ್ಬಲವಾಗಿದ್ದುದರಿಂದ ಕುಲವೃತ್ತಿಯನ್ನು ಬಿಟ್ಟು ವಿದ್ಯೆಯ ಕಡೆಗೆ ತಿರುಗಬೇಕಾಯಿತು. ವಿಯೆನ್ನಾ ನಗರದಲ್ಲಿ ಗಣಿತವನ್ನು ಕಲಿತನಾದರೂ ಸ್ಥಿರವಾದ ಉದ್ಯೋಗವು ದೊರೆಯಲಿಲ್ಲ. ಹತ್ತಿಯ ಗಿರಣಿಯೊಂದರಲ್ಲಿ ಲೆಕ್ಕ ಬರೆದು ಕಾಲ ಕಳೆದನು. ಬೇಸತ್ತು ಅಮೆರಿಕಕ್ಕೆ ವಲಸೆ ಹೋಗಲು ಸಿದ್ಧನಾಗಿದ್ದಾಗ, 1835ರಲ್ಲಿ ಪ್ರಾಗ್ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯನ ಸ್ಥಾನ ಲಭಿಸಿತು. ಆ ಕರೆ ಬಾರದಿದ್ದರೆ ಏನಾಗುತ್ತಿತ್ತೋ!

1842ನೆಯ ಮೇ 25ರಂದು ಆತನು ಪ್ರಾಗಿನ ವಿದ್ವತ್ಸಭೆಯಲ್ಲಿ ಜೋಡಿನಕ್ಷತ್ರಗಳ ಬಣ್ಣವನ್ನು ಕುರಿತು ಪ್ರಬಂಧವನ್ನು ಓದಿದನು. ಅದರ ತತ್ತ್ವವನ್ನು ನಮ್ಮ ಬಾಲಕಿಯರು ರೈಲುದಾರಿಯ ಬಳಿ ನಿಂತೇ ಅರಿಯಬಹುದು. ಸೀಟಿ ಹಾಕುತ್ತ ಸಮೀಪಿಸುವ ಗಾಡಿಯ ಧ್ವನಿಯು ತಾರವಾಗಿಯೂ, ನಮ್ಮನ್ನು ದಾಟಿದೊಡನೆ ಮಂದ್ರವಾಗಿಯೂ ಕೇಳುವುದಷ್ಟೆ. 1845ರಲ್ಲಿ ಬಾಯ್ಸ್ ಬ್ಯಾಲಟ್ ಎಂಬ ಡಚ್ ಪಂಡಿತನು ಕಹಳೆಯವರನ್ನು ರೈಲಿನಲ್ಲಿ ಕುಳ್ಳಿರಿಸಿ, ಸ್ವರಜ್ಞಾನವುಳ್ಳವರನ್ನು ದಾರಿಯ ಬದಿಯಲ್ಲಿ ನಿಲ್ಲಿಸಿ ಇದನ್ನು ಪರೀಕ್ಷಿಸಿದನು, ತತ್ತ್ವವು ನಿಜವಾಯಿತು. ನಕ್ಷತ್ರಗಳ ಬಣ್ಣಕ್ಕೆ ಚಲನೆಯೇ ಕಾರಣವೆಂದ ಡಾಪ್ಲರನ ಊಹೆ ಮಾತ್ರ ನಿಲ್ಲಲಿಲ್ಲ.

1850ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಸಂಸ್ಥೆಗೆ ಆತನು ಪ್ರಥಮ ನಿರ್ದೇಶಕನಾದನು. ಬಟಾಣಿ ಗಿಡಗಳಿಂದ ಪ್ರಖ್ಯಾತನಾದ ಮೆಂಡೆಲನು ಅಲ್ಲಿ ಆತನ ಶಿಷ್ಯನು. ಆದರೆ 1852ರಲ್ಲಿ ಪೆಟ್ಸ್‌ವಾಲನೆಂಬ ಗಣಿತಜ್ಞನು ತತ್ತ್ವವನ್ನೇ ಖಂಡಿಸಿದನು. ಅಷ್ಟರಲ್ಲಿ ಶ್ವಾಸಕೋಶದ ರೋಗವು ಬಲವಾಗಿದ್ದಿತು. ಹವೆಯ ಬದಲಾವಣೆಗೆಂದು ವೆನಿಸಿಗೆ ಹೋಗಿದ್ದ ಡಾಪ್ಲರನು 1853ನೆಯ ಮಾರ್ಚ್ 17ರಂದು, 49ನೆಯ ವಯಸ್ಸಿನಲ್ಲಿ, ಪತ್ನಿಯನ್ನೂ ಐವರು ಮಕ್ಕಳನ್ನೂ ಅಗಲಿ ತೀರಿಕೊಂಡನು.

ಹೃದಯದ ವಿಚಾರವನ್ನು ಆತನು ಎಣಿಸಿಯೇ ಇರಲಿಲ್ಲ. 1950ರ ದಶಕದಲ್ಲಿ ಜಪಾನಿನ ಸತೊಮುರಾ ಎಂಬವನು ಕಿವಿಗೆ ಕೇಳದ ಶಬ್ದತರಂಗಗಳನ್ನು ಎದೆಯೊಳಕ್ಕೆ ಕಳುಹಿಸಿ, ಮರಳಿದ ತರಂಗಗಳ ವ್ಯತ್ಯಾಸದಿಂದ ಹೃದಯದ ಚಲನೆಯನ್ನು ಗುರುತಿಸಿದನು. 1990ರ ದಶಕದಲ್ಲಿ ಹೃದಯಸ್ನಾಯುವಿನ ಎರಡು ಬಿಂದುಗಳ ವೇಗಗಳನ್ನು ಹೋಲಿಸಿ, ಸ್ನಾಯುವು ಎಷ್ಟು ಕುಗ್ಗಿತೆಂದು ಲೆಕ್ಕ ಹಾಕುವ ಕ್ರಮವು ಬಂದಿತು. ಇದನ್ನು ಸ್ಟ್ರೇನ್ ಎನ್ನುವರು. ಆರೋಗ್ಯವಂತರ ಎಡ ಹೃತ್ಕುಕ್ಷಿಯ ಸ್ನಾಯುವು ಪ್ರತಿ ಬಡಿತದಲ್ಲಿ ಉದ್ದಕ್ಕೆ ಸುಮಾರು ನೂರಕ್ಕೆ 20ರಷ್ಟು ಕುಗ್ಗುವುದು. ಡಾಪ್ಲರ್ ಕ್ರಮವು ತರಂಗದ ದಿಕ್ಕಿನ ಚಲನೆಯನ್ನು ಮಾತ್ರ ಸರಿಯಾಗಿ ಅಳೆಯುವುದರಿಂದ, ಈಗ ಚಿತ್ರದೊಳಗಿನ ಚುಕ್ಕೆಗಳ ಜಾಡು ಹಿಡಿಯುವ ಕ್ರಮವೇ ಹೆಚ್ಚು ಬಳಕೆಯಲ್ಲಿದೆ. ಅರ್ಬುದರೋಗಕ್ಕೆ ತೀಕ್ಷ್ಣ ಔಷಧಗಳನ್ನು ಸೇವಿಸುವ ತಾಯಂದಿರಲ್ಲಿ, ಹೃದಯವು ರಕ್ತ ನೂಕುವ ಪ್ರಮಾಣ ಇಳಿಯುವುದಕ್ಕೆ ಮುಂಚೆಯೇ ಸ್ನಾಯುವಿನ ಬಳಲಿಕೆಯು ಈ ಅಳತೆಯಲ್ಲಿ ಅನೇಕ ವೇಳೆ ತೋರಿಬರುವುದು. ವೈದ್ಯರಿಗೆ ಹೃದಯವನ್ನು ಕಾಪಾಡುವ ಔಷಧವನ್ನು ಆಲೋಚಿಸಲು ಅಷ್ಟು ಕಾಲ ದೊರೆಯುವುದು.