ಮೂಸಿ ಹೊಳೆಗೆ ಕಡಿವಾಣ ಹಾಕಿದ ಮುದ್ದೇನಹಳ್ಳಿ ಎಂಜಿನಿಯರ್

ಸರ್ ಎಂ. ವಿಶ್ವೇಶ್ವರಯ್ಯ ಅಂದ್ರೆ ನಮ್ಮ ಜನಕ್ಕೆ ನೆನಪಾಗೋದು ಕೆಆರ್‌ಎಸ್. ಹೈದರಾಬಾದಿನ ಕೆಲಸ ಅಷ್ಟಾಗಿ ಗೊತ್ತಿಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಆ ಊರನ್ನೇ ನುಂಗಿತ್ತು. ಸತ್ತವರು ಸುಮಾರು 15 ಸಾವಿರ ಎಂಬ ಅಂದಾಜಿದೆ. ಬಾಂಬೆ ಸರ್ಕಾರದ ನೌಕರಿ ಬಿಟ್ಟು ವಿದೇಶ ಸುತ್ತುತ್ತಿದ್ದ ವಿಶ್ವೇಶ್ವರಯ್ಯ ಅವರನ್ನು ನಿಜಾಮರ ಸರ್ಕಾರ ಕರೆಸಿತು. ಊರಿನ ಮೇಲ್ಭಾಗದ ಕೆರೆಗಳು ಸಾಲಾಗಿ ಒಡೆದು, ನೀರೆಲ್ಲ ಒಟ್ಟಿಗೇ ನುಗ್ಗಿತ್ತು. ಬರೀ ದಡ ಎತ್ತರಿಸಿದ್ರೆ ಸಾಲದು, ನೀರನ್ನು ಮೇಲೆಯೇ ತಡೆದು ನಿಧಾನಕ್ಕೆ ಬಿಡಬೇಕು ಅನ್ನೋದು ಅವರ ಲೆಕ್ಕ. ನದಿ ದಂಡೆಯಲ್ಲಿ ಉದ್ಯಾನ, ರಸ್ತೆ ಬರಲಿ ಎಂದೂ ಸೂಚಿಸಿದರು. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಪ್ರವಾಹ ತಡೆಯಲು ಕಟ್ಟಿದ ಈ ಎರಡೂ ಜಲಾಶಯಗಳೇ ಮುಂದೆ ದಶಕಗಟ್ಟಲೆ ಹೈದರಾಬಾದಿಗೆ ಕುಡಿಯುವ ನೀರನ್ನೂ ಕೊಟ್ಟವು. ವಿಶ್ವೇಶ್ವರಯ್ಯ 1962ರಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು.