ವಿಟ್ರುವಿಯಸ್ ಮತ್ತು 400 ಹಲ್ಲಿನ ಗೇರ್

ವಿಟ್ರುವಿಯಸ್ ಸುಮಾರು 2,000 ವರ್ಷಗಳ ಹಿಂದಿನ ರೋಮಿನ ಇಂಜಿನಿಯರ್. ಸೈನ್ಯದ ಯುದ್ಧಯಂತ್ರಗಳನ್ನು ರಿಪೇರಿ ಮಾಡಿಸುತ್ತಿದ್ದರು. ಮುಂದೆ ಕಟ್ಟಡ, ಯಂತ್ರಗಳ ಬಗ್ಗೆ 10 ಭಾಗಗಳ ಗ್ರಂಥ ಬರೆದು ಅಗಸ್ಟಸ್ ಚಕ್ರವರ್ತಿಗೆ ಅರ್ಪಿಸಿದರು.

ಅದರ ಕೊನೆಯ ಭಾಗದಲ್ಲಿ ದೂರ ಅಳೆಯುವ ಗಾಡಿಯ ವಿವರವಿದೆ. ಗಾಡಿಯ ಚಕ್ರ ಒಂದು ಸುತ್ತಿಗೆ ಹನ್ನೆರಡೂವರೆ ಅಡಿ ಸಾಗುತ್ತದೆ. 400 ಸುತ್ತಿಗೆ 5,000 ಅಡಿ, ಅಂದರೆ ಒಂದು ರೋಮನ್ ಮೈಲಿ. ಅದಕ್ಕೇ ಗೇರಿಗೆ 400 ಹಲ್ಲು. ಪ್ರತಿ ಮೈಲಿಗೆ ಒಂದು ಕಲ್ಲು ಪೆಟ್ಟಿಗೆಗೆ ಬೀಳುತ್ತದೆ. ಚಕ್ರದ ಅಳತೆ ಬದಲಾದರೆ ಹಲ್ಲಿನ ಲೆಕ್ಕವೂ ಬದಲಾಗಬೇಕು.

ಇಂದಿನ ಲಾರಿಗೂ ಇದೇ ನಿಯಮ. ದೊಡ್ಡ ಟೈರ್ ಹಾಕಿಸಿ ಸ್ಪೀಡೋಮೀಟರ್ ಸರಿಪಡಿಸದಿದ್ದರೆ, ಮುಳ್ಳು 60 ತೋರಿಸುವಾಗ ಲಾರಿ ಇನ್ನೂ ವೇಗವಾಗಿ ಓಡುತ್ತಿರುತ್ತದೆ. ಓಡಿದ ಕಿಲೋಮೀಟರ್ ಕಡಿಮೆ ದಾಖಲಾಗುತ್ತದೆ. ಚಾಲಕನ ಜೀವಕ್ಕೆ ಅಪಾಯ, ಮಾಲೀಕನ ಬಾಡಿಗೆ ಲೆಕ್ಕಕ್ಕೆ ನಷ್ಟ.